ಹಾರ ಸರಿಸುತ್ತಿದ್ದ ಸ್ಟುಡಿಯೋ ಮಾವ

ಸ್ಟುಡಿಯೋ ಮಾವನ ಬಲಗೈಯ ಉಗುರುಗಳು ಅಡಿಕೆಯ ಬಣ್ಣಕ್ಕೆ ತಿರುಗಿದ್ದವು. ಬೀಡಿ ಸೇದಿ ಸೇದಿ ಹಾಗಾಗಿದೆ ಎಂದು ನಮ್ಮ ಬೀದಿಯವರೆಲ್ಲ ನಂಬಿದ್ದರು. ಪಾಪ, ಆ ಮನುಷ್ಯ ಎಲೆ ಅಡಿಕೆಯನ್ನೂ ಬಾಯಿಗೆ ಹಾಕಿದವರಲ್ಲ. ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುವ ನೀರಿಗೆ ವರ್ಷಗಟ್ಟಲೆ ಅದ್ದಿದ ಬೆರಳುಗಳವು. ಕ್ಯಾಮೆರಾಗಳಿಗೆ ರೀಲು ಹಾಕುವ ಕಾಲ ಮುಗಿದ ಮೇಲೂ ಉಗುರು ಪೂರಾ ಬೆಳ್ಳಗಾಗಲಿಲ್ಲ.

ಮಾಗಡಿಯಲ್ಲಿ ಅವರ ಸ್ಟುಡಿಯೋಗೂ ನನ್ನ ಟೈಲರಿಂಗ್ ಅಂಗಡಿಗೂ ನಡುವೆ ಒಂದೇ ಗೋಡೆ. ನಾನು ಮಿಷನ್ ತುಳಿಯುವುದನ್ನು ನಿಲ್ಲಿಸಿದರೆ ಅವರು ಕೆಮ್ಮುವುದು ಕೇಳುತ್ತಿತ್ತು. ರಕ್ತಸಂಬಂಧ ಏನೇನೂ ಇಲ್ಲ. ನಮ್ಮವ್ವ ಅವರನ್ನು ಅಣ್ಣ ಅನ್ನುತ್ತಿದ್ದಳು, ಹಾಗಾಗಿ ನನಗೆ ಮಾವ.

ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಎಲ್ಲವನ್ನೂ ಅವರು ತೆಗೆಯುತ್ತಿದ್ದರು, ಆದರೆ ಅವರ ನಿಜವಾದ ಹಬ್ಬ ಎಂದರೆ ಆಯುಧಪೂಜೆ. ಅವತ್ತು ಊರಿನ ಗಾಡಿಗಳೆಲ್ಲ ಮೈ ತೊಳೆದುಕೊಂಡು, ಬಾಳೆಕಂದು ಕಟ್ಟಿಸಿಕೊಂಡು, ಚಕ್ರದಡಿ ನಿಂಬೆಹಣ್ಣು ಇಟ್ಟುಕೊಂಡು ಸಾಲಾಗಿ ನಿಂತಿರುತ್ತಿದ್ದವು. ಅಂಬಾಸಡರ್, ಮೆಟಡಾರ್, ಟ್ರಾಕ್ಟರ್, ಲಾರಿ, ಎಲ್ಲದರ ಮುಂದೆಯೂ ಮನೆಮಂದಿ ಹೊಸ ಬಟ್ಟೆ ಉಟ್ಟು ಮಾವನಿಗೆ ಕಾಯುತ್ತಿದ್ದರು. ಮಾಗಡಿ ಮುಗಿಸಿ ಕಲ್ಯ, ತಿಪ್ಪಸಂದ್ರದ ಕಡೆಗೂ ಹೋಗಿ, ಅಂಗಿ ತುಂಬ ಕುಂಕುಮ ಮಾಡಿಕೊಂಡು ಹೊತ್ತು ಮುಳುಗುವಾಗ ಬರುತ್ತಿದ್ದರು. ಕ್ಲಿಕ್ ಮಾಡುವ ಮೊದಲು ನಗಿ ಎಂದು ಯಾರಿಗೂ ಹೇಳಿದವರಲ್ಲ. “ಒಂದ್ಸಲ ಕಣ್ಣು ಮಿಟುಕ್ಸ್ಬುಡಿ, ಆಮ್ಯಾಕೆ ಒತ್ತೀನಿ” ಅನ್ನುವುದು ಅವರ ಮಾತು.

ಅವರಿಗೆ ಎರಡು ಹಟಗಳಿದ್ದವು. ಗಾಡಿ ಓಡಿಸುವವನು ಬಂದು ನಿಲ್ಲದೆ ಫೋಟೋ ಇಲ್ಲ. ಯಜಮಾನರು ಎಷ್ಟು ಗೊಣಗಿದರೂ ಸರಿ, ಚಹಾ ಕುಡಿಯಲು ಹೋದ ಡ್ರೈವರನ್ನು ಕರೆಸಿಯೇ ಕ್ಯಾಮೆರಾ ಎತ್ತುತ್ತಿದ್ದರು. ಇನ್ನೊಂದು, ಗಾಡಿಯ ಮುಂಗಾಜಿನ ಮೇಲೆ ಇಳಿಬಿಟ್ಟ ಹಾರವನ್ನು ತಾವೇ ಹೋಗಿ ಪಕ್ಕಕ್ಕೆ ಸರಿಸುತ್ತಿದ್ದರು. ಒಳಗೆ ಯಾರೂ ಕೂತಿಲ್ಲದಿದ್ದರೂ ಸರಿಸುತ್ತಿದ್ದರು. ಪೂಜೆ ಮಾಡಿದ ಹಾರ ಮುಟ್ಟಬಾರದು ಎಂದು ಹೆಂಗಸರು ರೇಗಿದರೆ, ಕೈ ಮುಗಿದು ಸರಿಸುತ್ತಿದ್ದರು. ಹಾರ ಸರಿಸೋ ಸ್ಟುಡಿಯೋದೋರು ಎಂದು ಜನ ಆಡಿಕೊಂಡರೂ ಅವರು ಬದಲಾಗಲಿಲ್ಲ.

ಈ ಹಟ ಎಲ್ಲಿಂದ ಬಂತು ಎಂಬುದಕ್ಕೆ ನಮ್ಮ ಮನೆಯ ಗೋಡೆಯ ಮೇಲೆ ಒಂದು ಕಪ್ಪು ಬಿಳುಪಿನ ಫೋಟೋ ಇದೆ. ಮೂತಿ ಮುಂದಕ್ಕೆ ಚಾಚಿದ, ದುಂಡು ಹೆಡ್‌ಲೈಟಿನ ಹಳೇ ಕಾಲದ ಬಸ್ಸು. ಮುಂದೆ ಬಸ್ಸಿನ ಸಾಹುಕಾರರು, ಅವರ ಹೆಂಡತಿ, ಮಕ್ಕಳು. ಹಿಂದೆ, ಡ್ರೈವರ್ ಸೀಟಿನಲ್ಲಿ, ಸ್ಟೇರಿಂಗ್ ಹಿಡಿದ ಎರಡು ಕೈಗಳು. ಕೈಗಳ ಮೇಲೆ ಮುಖ ಇರಬೇಕಾದ ಕಡೆ ಗಾಜಿಗೆ ಇಳಿಬಿಟ್ಟ ದಪ್ಪ ಸೇವಂತಿಗೆ ಹಾರ. ಆ ಹಾರದ ಹಿಂದೆ ಕೂತಿರುವುದು ನನ್ನಪ್ಪ.

ಅಪ್ಪ ಮಾಗಡಿಯಿಂದ ರಾಮನಗರದ ಮೇಲೆ ಕನಕಪುರಕ್ಕೆ ಹೋಗುವ ಆ ಬಸ್ಸನ್ನು ಓಡಿಸುತ್ತಿದ್ದ. ಆ ಆಯುಧಪೂಜೆ ಆಗಿ ಸಂಕ್ರಾಂತಿ ಬರುವಷ್ಟರಲ್ಲಿ ಕಾಮಾಲೆಯಾಗಿ ಹೋಗಿಬಿಟ್ಟ. ನಾನಿನ್ನೂ ತೊಟ್ಟಿಲ ಕೂಸು. ಗುಡಿಯಲ್ಲಿ ನಡೆದ ಅವರ ಮದುವೆಗೆ ಫೋಟೋದವರು ಬಂದಿರಲಿಲ್ಲ. ಲೈಸೆನ್ಸಿನಲ್ಲಿದ್ದ ಒಂದೇ ಒಂದು ಫೋಟೋವನ್ನು ಗೆದ್ದಲು ತಿಂದಿತು. ಮಾರ್ಲಮಿ ಹಬ್ಬಕ್ಕೆ ಎಲ್ಲರ ಮನೆಯಲ್ಲೂ ಹೋದವರ ಫೋಟೋ ಮುಂದೆ ಎಡೆ ಇಡುತ್ತಾರೆ. ನಮ್ಮವ್ವ ಅಪ್ಪನ ಖಾಕಿ ಅಂಗಿ ಮಡಿಸಿಟ್ಟು ಅದರ ಮುಂದೆ ಇಡುತ್ತಿದ್ದಳು. ಅವ್ವ ಅತ್ತುಕೊಂಡು ಸ್ಟುಡಿಯೋಗೆ ಹೋದಾಗ ಮಾವ ತೊಳೆದುಕೊಟ್ಟದ್ದು ಅವರೇ ತೆಗೆದಿದ್ದ ಈ ಬಸ್ಸಿನ ಫೋಟೋ.

ನನಗೆ ಅಪ್ಪ ಅಂದರೆ ಆ ಎರಡು ಕೈಗಳು. ಚಿಕ್ಕಂದಿನಲ್ಲಿ ಗೋಡೆಯಿಂದ ಫೋಟೋ ಇಳಿಸಿಕೊಂಡು ಹಾರದ ಹೂಗಳ ಸಂದಿಯಲ್ಲಿ ಕಣ್ಣು, ಮೂಗು ಏನಾದರೂ ಕಾಣುತ್ತದೆಯೇ ಎಂದು ಹುಡುಕುತ್ತಿದ್ದೆ. ಮದುವೆಯಾಗಿ, ಎರಡು ಹೆತ್ತ ಮೇಲೂ ಹುಡುಕಿದ್ದೇನೆ. ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡು, ಇದರಲ್ಲಿ ಅವ್ವನದನ್ನು ತೆಗೆದರೆ ಉಳಿದದ್ದು ಅಪ್ಪ ಇರಬೇಕು ಎಂದು ಲೆಕ್ಕ ಹಾಕಿದ ಹುಚ್ಚಿ ನಾನು.

ಬ್ಲೌಸು ಹೊಲಿದು ಮನೆಮನೆಗೆ ಕೊಡಲು ಅನುಕೂಲವಾಗಲಿ ಎಂದು ನಾನು ಸೆಕೆಂಡ್ ಹ್ಯಾಂಡ್ ಮೊಪೆಡ್ ಕೊಂಡ ವರ್ಷ, ಆಯುಧಪೂಜೆಗೆ ಅದಕ್ಕೂ ಹಾರ ಹಾಕಿದೆವು. ನನ್ನ ಗಂಡ ಠೀವಿಯಿಂದ ಹೋಗಿ ಸೀಟಿನ ಮೇಲೆ ಕೂತರು. ಅವರಿಗೆ ಸೈಕಲ್ಲೂ ನೆಟ್ಟಗೆ ಬರುತ್ತಿರಲಿಲ್ಲ. ಮಾವ ಕ್ಯಾಮೆರಾ ಇಳಿಸಿ, ಓಡಿಸೋರು ಯಾರು ಎಂದು ಕೇಳಿದರು. ಗಂಡ ಪೆಚ್ಚು ನಗೆ ನಕ್ಕು ಇಳಿದರು, ನಾನು ಹತ್ತಿ ಕೂತೆ. ಹ್ಯಾಂಡಲ್ಲಿನ ಹಾರ ನನ್ನ ಮುಖದ ಹತ್ತಿರಕ್ಕೂ ಬರುತ್ತಿರಲಿಲ್ಲ. ಆದರೂ ಮಾವ ಬಂದು ಅದನ್ನು ಒಂದಿಷ್ಟು ಸರಿಸಿ ಹೋದರು. ಆ ಫೋಟೋದಲ್ಲಿ ನಾನು ಅಳುವವಳಂತೆ ಇದ್ದೇನೆ.

ಕೆಲವು ವರ್ಷಗಳ ಹಿಂದೆ ರಾಮನಗರದ ಬ್ಯಾಂಕಿನವರೊಬ್ಬರು ಸ್ಟುಡಿಯೋ ಹುಡುಕಿಕೊಂಡು ಬಂದರು. ಹಳೇ ರೈಲು, ಬಸ್ಸು, ಲಾರಿಗಳ ಫೋಟೋ ಕೂಡಿಡುವ ಗೀಳು ಅವರಿಗೆ. ತಮ್ಮಂಥವರದೇ ಒಂದು ಗುಂಪು ಫೋನಿನಲ್ಲಿದೆಯಂತೆ. ಮಾವ ಹಿಗ್ಗಿ ಹೀರೇಕಾಯಾಗಿ ಬಿಸ್ಕತ್ತಿನ ಡಬ್ಬಿಗಳಲ್ಲಿದ್ದ ನೆಗೆಟಿವ್‌ಗಳನ್ನೆಲ್ಲ ಹರವಿದರು. ಬ್ಯಾಂಕಿನವರು ಒಂದಿಷ್ಟನ್ನು ಸ್ಕ್ಯಾನ್ ಮಾಡಿಕೊಂಡು ಹೋಗಿ, ವಾರ ಕಳೆದು ಖುಷಿಯಾಗಿ ಫೋನಿನಲ್ಲಿ ತೋರಿಸಲು ಬಂದರು. ನೋಡಿದರೆ ಎಲ್ಲ ಫೋಟೋಗಳಲ್ಲೂ ಬರೀ ಗಾಡಿ. ಗಾಡಿ ಚೆನ್ನಾಗಿ ಕಾಣಲೆಂದು ಪಕ್ಕದಲ್ಲಿ ನಿಂತವರನ್ನೆಲ್ಲ ಕತ್ತರಿಸಿಬಿಟ್ಟಿದ್ದರು. ಮಾವ ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ಗಾಡಿ ಗುಜರಿಗೋಗಿ ಯಾವ ಕಾಲ ಆಯ್ತು ಸ್ವಾಮಿ. ಇವ್ರ ಮನೇಲಿ ಇವ್ರನ್ನ ಹುಡುಕ್ತಾವ್ರೆ” ಅಂದರು. ದನಿ ಮಾತ್ರ ಏರಿರಲಿಲ್ಲ. ಬ್ಯಾಂಕಿನವರು ಒಳ್ಳೆಯವರು, ತಪ್ಪಾಯಿತು ಎಂದು ಒಪ್ಪಿಕೊಂಡು ಎಲ್ಲವನ್ನೂ ಇದ್ದ ಹಾಗೇ ಮತ್ತೆ ಮಾಡುವುದಾಗಿ ಹೇಳಿಹೋದರು.

ಅವರು ಹೋದ ಮೇಲೆ ಮಾವ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ನಾನು ಗುಂಡಿ ಹಾಕುತ್ತಿದ್ದೆ. ಕೇಳದೆಯೇ ಹೇಳಿದರು.

“ಆವತ್ತು ನನ್ಗೆ ಕಂಡಿತ್ತು ಕಣವ್ವ. ಹಾರ ಅಡ್ಡ ಐತೆ ಅಂತ ಕಂಡಿತ್ತು. ರಾಹುಕಾಲ ಬಂದ್ಬುಡ್ತದೆ ಅಂತ ಸಾವ್ಕಾರ್ರು ಅವಸರ ಮಾಡುದ್ರು. ಡ್ರೈವರ್ ತಾನೇ ಅಂದ್ಕೊಂಡು ಒತ್ಬುಟ್ಟೆ. ಒಸಿ ಸರಿಸಿದ್ರೆ ನಿಂಗೆ ನಿಮ್ಮಪ್ಪನ ಮಕ ಇರ್ತಿತ್ತು.”

ಹೋಗಲಿ ಬಿಡಿ ಅನ್ನಬೇಕಿತ್ತು. ನನಗೆ ಬಂದದ್ದು ಮಾತ್ರ ಸಿಟ್ಟು. ಡ್ರೈವರ್ ತಾನೇ ಎಂಬ ಮಾತು ಸೂಜಿಗಿಂತ ಚುಚ್ಚಿತು. ತಲೆ ಎತ್ತದೆ ಗುಂಡಿ ಹಾಕುತ್ತಲೇ ಇದ್ದೆ. ಅವರು ಎದ್ದು ಹೋದರು. ಮಾರನೆಯ ದಿನ ಕಾಫಿ ತೆಗೆದುಕೊಂಡು ಹೋಗಿ, ಹೋಗ್ಲಿ ಬುಡಿ ಮಾವ ಅಂದೆ. ಲೋಟ ಹಿಡಿದುಕೊಂಡು, “ಅದು ಹೋಗಕಿಲ್ಲ ಕಣ್ ಮಗ” ಅಂದರು. ಅಲ್ಲಿಗೆ ನನ್ನ ಸಿಟ್ಟು ಇಳಿಯಿತು. ಅಷ್ಟು ವರ್ಷ ಆ ಮನುಷ್ಯ ಯಾರ ಯಾರದೋ ಗಾಡಿಯ ಹಾರ ಸರಿಸಿಕೊಂಡು ತಿರುಗಿದ್ದು ನೆನಪಾಗಿ, ಅಂಗಡಿಗೆ ಬಂದು ಬಟ್ಟೆಯ ರಾಶಿಗೆ ಮುಖ ಒತ್ತಿ ಅತ್ತೆ.

ಅದಾದ ಮೇಲೆ ಅವರು ಬಹಳ ಕಾಲ ಇರಲಿಲ್ಲ. ಉಸಿರಾಟದ ತೊಂದರೆ ಇತ್ತು, ಒಂದು ಶ್ರಾವಣದಲ್ಲಿ ಹೆಚ್ಚಾಯಿತು. ಗೋಡೆಯಾಚೆಯ ಕೆಮ್ಮು ನಿಂತುಹೋಯಿತು. ನಾನು ಅಂಗಡಿ ತೆರೆದು ಮಿಷನ್ ತುಳಿಯಲಾಗದೆ ಸುಮ್ಮನೆ ಕೂತಿರುತ್ತಿದ್ದೆ. ಮಾವನ ಹೆಂಡತಿ ಮೊದಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕನಕಪುರದಿಂದ ಅವರ ಅಕ್ಕನ ಮಗ ಬಂದು ಕಾರ್ಯ ಮಾಡಿದರು. ಪೂಜೆಗೆ ಇಡಲು ಫೋಟೋ ಬೇಕೆಂದು ನಾವಿಬ್ಬರೂ ಸ್ಟುಡಿಯೋವನ್ನೆಲ್ಲ ಜಾಲಾಡಿದೆವು. ಊರಿನವರೆಲ್ಲ ಅಲ್ಲಿದ್ದರು, ಅವರು ಮಾತ್ರ ಇರಲಿಲ್ಲ. ಕಡೆಗೆ ಆಧಾರ್ ಕಾರ್ಡಿನಲ್ಲಿದ್ದದ್ದನ್ನೇ ದೊಡ್ಡದು ಮಾಡಿಸಿದರು. ಆ ಮಸುಕು ಫೋಟೋದಲ್ಲಿ ಮಾವ ಪೊಲೀಸರು ಹಿಡಿದು ತಂದ ಕಳ್ಳನ ಹಾಗಿದ್ದರು. ಅದನ್ನು ನೋಡಿ ನನಗೆ ಅವರು ಇನ್ನೊಂದು ಸಲ ಸತ್ತ ಹಾಗಾಯಿತು.

ವಿಷಯ ತಿಳಿದ ಬ್ಯಾಂಕಿನವರು ನನಗೆ ಫೋನು ಮಾಡಿ ಬೇಜಾರು ಮಾಡಿಕೊಂಡರು. ಮಾತು ಕೊಟ್ಟಂತೆ ಎಲ್ಲ ಫೋಟೋಗಳನ್ನೂ ಮತ್ತೆ ಪೂರ್ತಿಯಾಗಿ ಸ್ಕ್ಯಾನ್ ಮಾಡಿದ್ದರು. ನಮ್ಮಪ್ಪನ ಬಸ್ಸಿನದನ್ನು ಅವರಿಂದಾದಷ್ಟು ದೊಡ್ಡದು ಮಾಡಿ ಕಳಿಸಿದರು. ಎಂದಿನಂತೆ ಮೊದಲು ಹಾರದ ಹತ್ತಿರ ಹೋದೆ. ಎರಡು ಬೆರಳಲ್ಲಿ ಹಿಗ್ಗಿಸಿ ಒಂದೊಂದೇ ಹೂವು ನೋಡಿದೆ. ಮುಖವಿಲ್ಲ. ಕೈಗಳ ನರ ಮಾತ್ರ ಕಂಡವು. ಬೆರಳು ಜಾರಿ ಚಿತ್ರ ಕೆಳಗಿಳಿದು ಹೆಡ್‌ಲೈಟಿನ ಮೇಲೆ ನಿಂತಿತು. ಆ ದುಂಡು ಗಾಜಿನೊಳಗೆ, ಜೋಳದ ಕಾಳಿನಷ್ಟು ಗಾತ್ರಕ್ಕೆ, ಒಬ್ಬ ಆಳು. ಬಡಕಲು ಯುವಕ, ಹೊಟ್ಟೆಯ ಹತ್ತಿರ ಹಿಡಿದ ಡಬ್ಬಿ ಕ್ಯಾಮೆರಾ, ಅದರೊಳಕ್ಕೆ ಬಗ್ಗಿಸಿದ ತಲೆ. ಹಿಂದೆ ಆಯುಧಪೂಜೆಯ ಬಿಸಿಲು.

ಅವ್ವನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. “ಇಬ್ರೂ ಒಂದೇ ತಾವ್ಲೇ ಅವ್ರಲ್ಲ ಮಗ” ಅಂದಳು.

ಮಾವ ಹೋಗಿ ವರ್ಷ ತುಂಬಿದ ಮೇಲೆ ಬಂದ ಮಾರ್ಲಮಿಗೆ, ದೊಡ್ಡದು ಮಾಡಿಸಿದ ಆ ಬಸ್ಸಿನ ಫೋಟೋವನ್ನು ಖಾಕಿ ಅಂಗಿಯ ಹಿಂದೆ ಒರಗಿಸಿಟ್ಟೆ. ಅಡುಗೆಮನೆಯಿಂದಲೇ ಅವ್ವ ಎರಡು ಎಲೆ ಹಾಕು ಎಂದಳು. ಸ್ಟುಡಿಯೋ ಅಣ್ಣ ಬಾಡು ತಿನ್ನೋರಲ್ಲ, ಅವರ ಎಲೆಗೆ ಕಾಳಿನ ಸಾರು ಎಂದು ಸೇರಿಸಿದಳು. ಅಪ್ಪನ ಎಲೆಗೆ ಮುದ್ದೆ, ಬಾಡಿನ ಸಾರು, ವಡೆ. ಮಾವನ ಎಲೆಗೆ ಮುದ್ದೆ, ಕಾಳಿನ ಸಾರು, ವಡೆ. ಫೋಟೋಕ್ಕೆ ಸೇವಂತಿಗೆ ಹಾರ ಹಾಕಿ ಹಿಂದೆ ಸರಿದು ನೋಡಿದೆ. ಹಾರ ಇಳಿಬಿದ್ದು ಹೆಡ್‌ಲೈಟನ್ನು ಪೂರಾ ಮುಚ್ಚಿತ್ತು. ಕೈ ಮುಗಿದು, ಹತ್ತಿರ ಹೋಗಿ, ಅದನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದೆ. ಆಮೇಲೆ ಗಂಧದಕಡ್ಡಿ ಹಚ್ಚಿದೆ.