ಇನ್‌ಸ್ಪೆಕ್ಟರಿಗೆ ಕಾದಿಟ್ಟ ಪಾಯಖಾನೆ

ಮೊಮ್ಮಗಳಿಗೆ ಹೊಟ್ಟೆ ಕೆಟ್ಟಿತ್ತು. ಮೊನ್ನೆ ದಾಳಿಂಬೆ ಸಿಪ್ಪೆ ಕುದಿಯಲಿಟ್ಟೆ. ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಳಲ್ಕೆರೆಯ ನಮ್ಮ ಪಕ್ಕದ ಮನೆ ನೆನಪಾಯಿತು... ಎಪ್ಪತ್ತರ ದಶಕದಲ್ಲಿ ಆ ಮನೆಯ ಒಲೆಯ ಮೇಲೆ ದಿನಾ ಇದೇ ಕಷಾಯ. ಅದು ನಮ್ಮ ಶಾಲೆಯ ಹೊಲಿಗೆ ಟೀಚರ ಮನೆ.

ಟೀಚರದು ಭಾರೀ ಮೈ. ಮಂಡಿ ಹಿಡಿದು ಮಷೀನು ತುಳಿಯಲು ಆಗದಾದಾಗ ಕೆಲಸ ಎಲ್ಲಿ ಹೋಗುತ್ತದೋ ಎಂಬ ಹೆದರಿಕೆ ಹತ್ತಿತು. ಗಂಡನಿಲ್ಲದ ಮನೆ, ಆ ಸಂಬಳವೇ ಆಧಾರ. ಮದ್ರಾಸಿನಲ್ಲಿದ್ದ ಅವರಣ್ಣ ಕರೆಸಿಕೊಂಡು, ಮೈ ಇಳಿಸುವ ಹೊಸ ಆಪರೇಷನ್ ಮಾಡಿಸಿದರು. ಕರುಳಿನ ಹೆಚ್ಚು ಭಾಗವನ್ನು ಬದಿಗೆ ಬಿಟ್ಟು ಎರಡು ತುದಿ ಜೋಡಿಸುವುದಂತೆ. ಉಂಡದ್ದು ಮೈಗೆ ಹತ್ತುವುದಿಲ್ಲವಂತೆ.

ಹತ್ತಲೇ ಇಲ್ಲ. ವರ್ಷ ತುಂಬುವುದರೊಳಗೆ ಟೀಚರು ಅರ್ಧ ಆಗಿದ್ದರು. ಮಷೀನು ತುಳಿಯಲು ಬರುತ್ತಿತ್ತು, ಆದರೆ ಒಂದು ಪೀರಿಯಡ್ ಪೂರ್ತಿ ಅದರ ಮುಂದೆ ಕೂರಲಾಗುತ್ತಿರಲಿಲ್ಲ. ತುತ್ತು ಇಳಿದರೆ ಸಾಕು, ಹೊಟ್ಟೆ ಮುರಿದು ಓಟ. ಕೂದಲು ಉದುರಿತು. ಸಂಜೆಯಾದರೆ ಕಣ್ಣು ಮಂಜು, ಸೂಜಿಗೆ ದಾರ ನಾನೇ ಪೋಣಿಸಿಕೊಡುತ್ತಿದ್ದೆ.

ಯಾರ ಹತ್ತಿರ ಹೇಳಿಕೊಂಡರೂ ಒಂದೇ ಮಾತು. “ಹೆಂಗೋ ಸಣ್ಣ ಆದ್ರಲ್ಲ, ಬಿಡ್ರಿ.” ಅವರಣ್ಣನೂ ಅದನ್ನೇ ಅಂದರು, ನಮ್ಮಮ್ಮನೂ ಅದನ್ನೇ ಅಂದಳು. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ನಮ್ಮ ಶಾಲೆಯಲ್ಲಿ ಬಾಗಿಲಿದ್ದ ಪಾಯಖಾನೆ ಒಂದೇ. ಅದಕ್ಕೂ ಬೀಗ. ಇನ್‌ಸ್ಪೆಕ್ಟರು ಬಂದ ದಿನ ಮಾತ್ರ ತೆಗೆಯುತ್ತಿದ್ದರು. ಮಿಕ್ಕವರಿಗೆಲ್ಲ ಕಾಂಪೌಂಡಿನ ಹಿಂದಿನ ಜಾಲಿ ಗಿಡಗಳೇ ಗತಿ. ಟೀಚರು ಹೆಡ್‌ಮಾಸ್ಟರ ಕೋಣೆಗೆ ಬೀಗದ ಕೈ ಕೇಳಲು ಹೋದಾಗ ನಾನು ಸೀಮೆಸುಣ್ಣಕ್ಕೆಂದು ಬಂದು ಅಲ್ಲೇ ನಿಂತಿದ್ದೆ.

“ನಿಮಗೊಬ್ರಿಗೆ ಕೊಟ್ರೆ ನಾಳೆ ಎಲ್ಲಾರೂ ಕೇಳ್ತಾರೆ” ಅಂದರು ಹೆಡ್‌ಮಾಸ್ಟರು.

“ಕೇಳ್ಲಿ ಬಿಡ್ರಿ ಸಾರ್. ಎಲ್ಲಾರಿಗೂ ಹೊಟ್ಟೆ ಐತೆ.”

ಬೀಗದ ಕೈ ಸಿಗಲಿಲ್ಲ. ಗೋಡೆಯ ಮೊಳೆಗೆ ತೂಗುಬಿದ್ದಿತ್ತು, ಪುಣ್ಯಾತ್ಮರು ಅತ್ತ ತಿರುಗಿಯೂ ನೋಡಲಿಲ್ಲ. ಟೀಚರು ಮಧ್ಯಾಹ್ನದ ಊಟವನ್ನೇ ಬಿಟ್ಟರು. ಬರೀ ಹೊಟ್ಟೆಯಲ್ಲಿ ನಮಗೆ ಗುಂಡಿಯ ತೂತಿಗೆ ಕಾಜಾ ಹೊಲಿಯುವುದು ಕಲಿಸಿದರು.

ಒಂದು ದಿನ ಇನ್‌ಸ್ಪೆಕ್ಟರು ಬಂದರು. ಪಾಯಖಾನೆಗೆ ಫಿನಾಯಿಲ್ ಸುರಿದು, ಬಕೆಟ್ ತುಂಬ ನೀರು, ಹೊಸ ಸೋಪು ಇಟ್ಟಿದ್ದರು. ಸಾಹೇಬರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಗಡದ್ದಾಗಿ ತಿಂದು ಅತ್ತ ಹೊರಟರು. ಹಿಂದೆ ಟವಲು ಹಿಡಿದು ಹೆಡ್‌ಮಾಸ್ಟರು. ಅಷ್ಟರಲ್ಲಿ ಕ್ಲಾಸಿನಿಂದ ಓಡಿಬಂದ ಟೀಚರು ಇಬ್ಬರನ್ನೂ ದಾಟಿ ಒಳಹೊಕ್ಕು ಚಿಲಕ ಹಾಕಿಕೊಂಡರು. ನಾವು ಹುಡುಗಿಯರೆಲ್ಲ ಕಿಟಕಿಯಲ್ಲಿ.

ಹೆಡ್‌ಮಾಸ್ಟರು ಬಾಗಿಲು ಬಡಿದೇ ಬಡಿದರು. “ಏನ್ರೀ ಟೀಚರೇ ಇದು! ಸಾಹೇಬ್ರು ನಿಂತವ್ರೆ!”

ಒಳಗಿಂದ ನಿಧಾನವಾಗಿ ಉತ್ತರ ಬಂತು. “ತಡ ಆಗ್ತೈತೆ ಸಾರ್. ಸಾಹೇಬ್ರನ್ನ ಜಾಲಿ ಗಿಡದ ಕಡೆ ಕರ್ಕಂಡ್ಹೋಗ್ರಿ.”

ನಾವು ನಕ್ಕೆವು. ಟೀಚರನ್ನು ಹೊತ್ತುಕೊಂಡು ಮೆರೆಸಬೇಕು ಅನ್ನಿಸಿತ್ತು ನನಗೆ.

ತಿಂಗಳು ಕಳೆಯುವುದರೊಳಗೆ ಹೆಡ್‌ಮಾಸ್ಟರು ಅವರನ್ನು ಹಿರಿಯೂರಿನಾಚೆಯ ಒಂದು ಹಳ್ಳಿಗೆ ವರ್ಗ ಮಾಡಿಸಿ ಸೇಡು ತೀರಿಸಿಕೊಂಡರು. ದಿನಾ ಬಸ್ಸಿನ ದಾರಿ. ನಡುವೆ ನಿಲ್ಲಿಸಿ ಎಂದು ಬೇಡಿಕೊಂಡರೆ ಕಂಡಕ್ಟರ ಬೈಗುಳ, ಜನರ ನಗು. ಯಾವ ಕೆಲಸ ಉಳಿಸಿಕೊಳ್ಳಲು ಹೊಟ್ಟೆ ಕೊಯ್ಯಿಸಿಕೊಂಡಿದ್ದರೋ, ಆ ಕೆಲಸವನ್ನು ಅವರೇ ಬಿಟ್ಟರು. ಕರುಳನ್ನು ಮತ್ತೆ ಮೊದಲಿನಂತೆ ಜೋಡಿಸಬಹುದು ಎಂದು ಮದ್ರಾಸಿನಿಂದ ಸುದ್ದಿ ಬರುವ ಹೊತ್ತಿಗೆ, ಇನ್ನೊಂದು ಆಪರೇಷನ್ ತಡೆಯುವ ಶಕ್ತಿ ಆ ಮೈಯಲ್ಲಿ ಉಳಿದಿರಲಿಲ್ಲ...

ಅವರನ್ನು ಅಂಗಳದಲ್ಲಿ ಮಲಗಿಸಿದ್ದಾಗಲೂ ಯಾರೋ ಹೆಂಗಸು ಅಂದಳು, “ಎಷ್ಟು ಸಣ್ಣ ಆಗಿದ್ರು ನೋಡ್ರಿ.” ಅವಳ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸಿತು. ಹಾಕಲಿಲ್ಲ, ಅತ್ತುಬಿಟ್ಟೆ.

ಕಷಾಯ ಸೋಸುತ್ತಿದ್ದೆ. “ಅಜ್ಜಿ, ಅರ್ಜೆಂಟು!” ಎಂದು ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ಓಡಿದಳು. ಬಾಗಿಲು ತೆರೆದೇ ಇತ್ತು. ಟೀಚರಿಗೂ ಅಷ್ಟಿದ್ದರೆ ಸಾಕಿತ್ತು.