ನೀಲವ್ವನ ಪ್ಲಮ್ ಗಿಡದ ಆಕಾಶ

ಚೀನೀ ಮಸಿಚಿತ್ರದ ಮೊದಲ ತರಗತಿಯಲ್ಲೇ ನಾನು ಕರಿ ಚಹಾ ಎಂದು ಎತ್ತಿ ಗುಟುಕರಿಸಿದ್ದು ಪಕ್ಕದವರು ಕುಂಚ ತೊಳೆದ ನೀರು. ಕೆಮ್ಮಿದ ರಭಸಕ್ಕೆ ಎದುರಿನ ಇಂಗ್ಲಿಷ್ ಅಜ್ಜಿಯ ಬಿಳಿ ಕಾರ್ಡಿಗನ್ ಚುಕ್ಕೆಚುಕ್ಕೆಯಾಯಿತು.

“ಅಣ್ಣಾರ, ಅದು ನಂದ್ರೀ,” ಅಂದರು ಪಕ್ಕದವರು. “ಕುಡದದ್ದು ಕುಡದ್ರಿ, ಇನ್ನೊಂದ್ ಗ್ಲಾಸ್ ತುಂಬ್ಕೊಂಡ್ ಬರ್ರಿ.”

ನೀಲವ್ವ ನನಗೆ ಪರಿಚಯವಾದದ್ದು ಹೀಗೆ. ತೊಂಬತ್ತೆಂಟನೇ ಇಸವಿಯ ಚಳಿಗಾಲ. ಬಿಜಾಪುರದ ಕಡೆಯವರು, ವಿಲಾಯತಿಗೆ ಬಂದು ಈಸ್ಟ್ ಹ್ಯಾಮ್ ಬಡಾವಣೆಯ ಸೀರೆ ಅಂಗಡಿಯಲ್ಲಿ ಫಾಲ್ ಹಚ್ಚುತ್ತಿದ್ದರು. ಕೌನ್ಸಿಲ್‌ನವರ ಸಂಜೆ ತರಗತಿಗೆ ಯಾಕೆ ಸೇರಿದಿರಿ ಅಂದರೆ, “ಇಲ್ಲಿ ಹೀಟರ್ ಹಚ್ಚಿರ್ತಾರ್ರೀ. ಮನ್ಯಾಗ ಹಚ್ಚಿದ್ರ ನಮ್ಮನಿಯವ್ರು ಆರಸ್ತಾರ.” ನಾನು ಸೇರಿದ್ದು, ನಾನು ಮನೆಯಲ್ಲಿರದಿದ್ದರೆ ಟಿವಿ ನೆಮ್ಮದಿಯಾಗಿ ನೋಡಬಹುದೆಂದು ಹೆಂಡತಿ ಕಳಿಸಿದ್ದಕ್ಕೆ.

ಹಾಂಗ್‌ಕಾಂಗಿನ ಟೀಚರ್ ಮಿಸೆಸ್ ಲಾಮ್ ಕಲಿಸುತ್ತಿದ್ದದ್ದು ಒಂದೇ: ಚಳಿಯಲ್ಲಿ ಹೂಬಿಡುವ ಪ್ಲಮ್. ಎಲೆಯಿಲ್ಲದ ಸೊಟ್ಟ ಕೊಂಬೆ, ಅದರ ಮೇಲೆ ನಾಲ್ಕಾರು ಹೂವು, ಉಳಿದದ್ದೆಲ್ಲ ಖಾಲಿ. ಆ ಖಾಲಿಯೇ ಆಕಾಶ. ಅಲ್ಲಿ ಸೊಳ್ಳೆಯೂ ಕೂರಬಾರದು.

ನೀಲವ್ವ ಕುಂಚ ಹಿಡಿದರೆ ಮೊದಲು ಆಕಾಶದ ನಟ್ಟನಡುವೆ ‘ಶ್ರೀ’ ಬರೆಯುತ್ತಿದ್ದರು. ಕೊಂಬೆ ಆಮೇಲೆ.

“ಇದೇನು, ಹಕ್ಕಿಯೆ?” ಎಂದರು ಮಿಸೆಸ್ ಲಾಮ್.

“ಗಾಡ್, ಮಿಸೆಸ್ ಲಾಮ್. ಫಸ್ಟ್ ಗಾಡ್, ದೆನ್ ಟ್ರೀ.”

“ಆಕಾಶ ಖಾಲಿ ಇರಬೇಕು.”

ನೀಲವ್ವ ನನ್ನತ್ತ ತಿರುಗಿದರು. “ಬರೇ ಹಾಳ್ಯಾಗ ಹೆಂಗ ಸುರು ಮಾಡೂದ್ರಿ?”

ಹಾಲಿನವನಿಗೆ ಬಾಗಿಲಲ್ಲಿಡುವ ಚೀಟಿಗೂ ಶ್ರೀ ಹಾಕುವ ಮನೆತನ ನನ್ನದು.

ಮಾರ್ಚಿನಲ್ಲಿ ಲೈಬ್ರರಿಯಲ್ಲಿ ಪ್ರದರ್ಶನ. ಆಕಾಶದಲ್ಲಿ ಅಕ್ಷರವಿರುವ ಚಿತ್ರ ಗೋಡೆ ಏರುವುದಿಲ್ಲ ಎಂದುಬಿಟ್ಟರು ಮಿಸೆಸ್ ಲಾಮ್. ಇತ್ತ ನೀಲವ್ವನ ಗಂಡ ಅಡಿವೆಪ್ಪ ಕನ್ನಡದವರ ಸಂಕ್ರಾಂತಿ ಕೂಟದಲ್ಲಿ ಮೈಕು ಕಿತ್ತುಕೊಂಡು, “ನಮ್ಮಾಕಿ ಚಿತ್ರಾ ಗ್ವಾಡಿಗೆ ಹಾಕ್ತಾರ, ಎಲ್ಲಾರೂ ಬರ್ರಿ!” ಎಂದು ಸಾರಿಯಾಗಿತ್ತು. ಊರಿನ ಆಚೆ ತುದಿಯ ಹೇಸ್ ಬಡಾವಣೆಯ ಕನ್ನಡದವರು ಬರಲು ವ್ಯಾನ್ ಗೊತ್ತುಮಾಡಿದ್ದರು.

ನೀಲವ್ವ ಶ್ರೀ ಬಿಟ್ಟು ನೋಡಿದರು. ಕೊಂಬೆ ಎಣ್ಣೆಯಲ್ಲಿ ಬಿಚ್ಚಿಕೊಂಡ ಚಕ್ಕುಲಿಯಂತಾಯಿತು.

“ಕರೀದ ಮನಿಗೆ ನುಗ್ಗಿದಂಗ ಆಗ್ತದ್ರೀ. ಗ್ವಾಡಿ ಮ್ಯಾಲ ಏನೂ ಇರ್ಲಿಲ್ಲಂದ್ರ ಹೇಸ್‌ನವ್ರಿಗೆ ಏನ್ ತೋರಸ್ಲಿ?”

“ನನ್ನದು ನೋಡಿ ನೀಲಕ್ಕ, ಪೊರಕೆ,” ಎಂದು ಸಮಾಧಾನ ಮಾಡಿದೆ. ಅವರು ನೋಡಿದರು. ಅಲ್ಲವೆನ್ನಲಿಲ್ಲ.

ಕೊನೆಯ ತರಗತಿಯಲ್ಲಿ ಅವರು ಹೊಸ ಗ್ಲಾಸಿನಲ್ಲಿ ತಿಳಿನೀರು ತಂದು, ನನ್ನ ಕೈಗೆ ಸಿಗದಷ್ಟು ದೂರದಲ್ಲಿಟ್ಟುಕೊಂಡರು. ಕುಂಚವನ್ನು ಅದರಲ್ಲೇ ಅದ್ದಿ ಖಾಲಿ ಕಾಗದದ ನಟ್ಟನಡುವೆ ಏನೋ ಆಡಿಸಿದರು. ಏನೂ ಕಾಣಲಿಲ್ಲ. ಮರುಕ್ಷಣ ಮಸಿ ತೆಗೆದುಕೊಂಡು, ಒಂದೇ ಉಸಿರಿಗೆ ಕೊಂಬೆ ಎಳೆದರು. ಈ ಸಲ ಚಕ್ಕುಲಿ ಬಿಚ್ಚಿಕೊಳ್ಳಲಿಲ್ಲ.

ಚಿತ್ರ ಗೋಡೆ ಏರಿತು. ಕೊಂಬೆಯ ತುದಿಯಲ್ಲಿ ಮಸಿ ಹರಡಿ, ಆಕಾಶದ ನಡುವೆ ತೆಳ್ಳಗೆ ಮಂಜು ಕವಿದಂತಿತ್ತು. “ಇದನ್ನು ನಾನು ಕಲಿಸಿಲ್ಲ,” ಎಂದು ಮಿಸೆಸ್ ಲಾಮ್ ಅದರೆದುರೇ ನಿಂತರು. ಅಡಿವೆಪ್ಪ ಎಲ್ಲರ ಕೈ ಕುಲುಕಿದ. ನಾನು ಹೇಸ್‌ನವರನ್ನು ಸುತ್ತ ನಿಲ್ಲಿಸಿಕೊಂಡು, ಈ ಮಂಜು ಶೂನ್ಯದ ಉಸಿರು, ಪೌರ್ವಾತ್ಯ ಧ್ಯಾನದ ತಿರುಳು ಎಂದು ಬಹಳ ಹೊತ್ತು ವಿವರಿಸಿದೆ. ಪುಷ್ಟಿಗಾಗಿ ಕಲಾವಿದೆಯನ್ನೇ ಕರೆದೆ.

“ನೀಲಕ್ಕ, ಈ ಮಂಜನ್ನ ಹೇಗೆ ತಂದ್ರಿ, ಸ್ವಲ್ಪ ಹೇಳಿ.”

ನೀಲವ್ವ ಸೆರಗು ಸರಿಪಡಿಸಿಕೊಂಡು ಚಿತ್ರ ನೋಡಿದರು.

“ಮಂಜಲ್ರೀ ಅಣ್ಣಾರ. ಶ್ರೀ ಇನ್ನೂ ಆರಿರ್ಲಿಲ್ಲ.”