ಬಾನೆಟ್‌ನಿಂದ ಜಾರಿದ ಗಣೇಶ

ಆಯುಧಪೂಜೆಯ ದಿನ ನಮ್ಮ ಕಾರಿನ ಬಾನೆಟ್ ಮೇಲೆ ಕೂರಿಸಿದ ಗಣೇಶ ಸರ್ರನೆ ಜಾರಿ ನೆಲಕ್ಕೆ ಬಿದ್ದ. ಪರ್ತ್‌ನ ಥಾರ್ನ್ಲಿ ಬಡಾವಣೆಯ ಹಾಲ್ ಎದುರಿನ ಕಾರ್ ಪಾರ್ಕ್‌ನಲ್ಲಿ ಸೇರಿದ್ದ ಕನ್ನಡಿಗರೆಲ್ಲ ಒಮ್ಮೆಗೇ ತಿರುಗಿ ನೋಡಿದರು.

ಕೂರಿಸಿದವರು ನಿವೃತ್ತ ಡಾಕ್ಟರ್ ಮೂರ್ತಿ ಅಂಕಲ್. ಪರ್ತ್‌ನಲ್ಲಿ ನಮ್ಮವರು ಯಾರೇ ಕಾರು ಕೊಂಡರೂ ಅವರ ಕಡೆಯಿಂದ ಒಂದು ಮ್ಯಾಗ್ನೆಟ್ ಗಣೇಶ ಗ್ಯಾರಂಟಿ. ಮೊದಲ ಪೂಜೆ ಬಾನೆಟ್ ಮೇಲೆ, ಆಮೇಲೆ ಡ್ಯಾಶ್‌ಬೋರ್ಡಿಗೆ ಬಡ್ತಿ. ಇಷ್ಟು ವರ್ಷಗಳಲ್ಲಿ ಒಂದೂ ಬಿದ್ದಿರಲಿಲ್ಲ.

"ಏನಪ್ಪಾ ಗಿರೀಶ, ಇದು ಪ್ಲಾಸ್ಟಿಕ್ ಕಾರಾ?" ಅಂದರು ಅಂಕಲ್. ಹಿಂದೆ ಯಾರೋ "ಅಪಶಕುನ" ಎಂದು ಪಿಸುಗುಟ್ಟಿದರು. ನನ್ನ ಗಂಡ ಗಿರೀಶನ ಮುಖ ಬಾಡಿತು.

ಬಾಡದೆ ಇನ್ನೇನು? ಗಣಿ ಕಂಪನಿಯ ಈ ಜಿಯಾಲಜಿಸ್ಟ್, ತಾಯ್ನಾಡಿಗೆ ಮರಳುತ್ತಿದ್ದ ಬ್ರೆಜಿಲ್‌ನ ಸಹೋದ್ಯೋಗಿಯಿಂದ ಈ ಹಳದಿ ಸ್ಪೋರ್ಟ್ಸ್ ಕಾರು ಕೊಂಡಿದ್ದ. (ಹೆಸರು ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ. ನನಗೂ ಗೊತ್ತಿರಲಿಲ್ಲ.) ಅಂದಿನಿಂದ ರಜೆ ಬಂದರೆ ಶೆಡ್ಡಿನಲ್ಲೇ ವಾಸ. ಊಟದ ಟೇಬಲ್ಲಿನಲ್ಲೂ ಅದರ ಚರಿತ್ರೆಯೇ.

ಮಗಳು ಅನು ಮಾತ್ರ ಅದರಲ್ಲಿ ಕೂರಲು ನಾಚುತ್ತಿದ್ದಳು. ಸ್ಟೀರಿಂಗ್ ಎಡಕ್ಕಿದೆ, ಇಲ್ಲಿ ಡ್ರೈವರ್ ಕೂರುವ ಬಲಗಡೆ ಕೂತ ಇವಳ ಕೈ ಖಾಲಿ. ಫ್ರೆಂಡ್ಸ್ ನಗುತ್ತಿದ್ದರಂತೆ. "ಡ್ರಾಪ್ ಮಿ ಅಟ್ ದ ಸರ್ವೋ, ಡ್ಯಾಡ್" ಎಂದು ಸ್ಕೂಲಿಗಿಂತ ಮೊದಲೇ ಸಿಗುವ ಪೆಟ್ರೋಲ್ ಬಂಕ್‌ನಲ್ಲಿ ಇಳಿದುಬಿಡುತ್ತಿದ್ದಳು. ಅವನಿಗೆ ನೋವಾಗುತ್ತಿತ್ತು, ನನಗೆ ಗೊತ್ತು.

ಈಗ ಅವಳೇ ಮುಂದೆ ಬಂದು ಗಣೇಶನನ್ನು ಎತ್ತಿಕೊಂಡಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಅಂದು ಕನ್ನಡದಲ್ಲೇ ಶುರು ಮಾಡಿದಳು.

"ಪ್ಲಾಸ್ಟಿಕ್ ಅಲ್ಲ ಅಂಕಲ್, ಫೈಬರ್‌ಗ್ಲಾಸ್. ಅದಕ್ಕೆ ಮ್ಯಾಗ್ನೆಟ್ ಹಿಡಿಯಲ್ಲ. ಈ ಕಾರ್ ಮಾಡ್ದಾಗ ಬ್ರೆಜಿಲ್‌ನಲ್ಲಿ ಫಾರಿನ್ ಕಾರ್ ತರಿಸೋ ಹಾಗಿರ್ಲಿಲ್ಲ, ಗವರ್ನಮೆಂಟ್ ಬ್ಯಾನ್ ಮಾಡಿತ್ತು. ಸೋ ಅಲ್ಲಿಯವ್ರೇ ಮಾಡ್ಕೊಂಡ್ರು. ಎಂಜಿನ್ ಬೀಟಲ್ ಕಾರಿಂದು, ಹಿಂದ್ಗಡೆ ಇದೆ. ಬಾಡಿ ಮಾತ್ರ ಚಿಕ್ಕ ವರ್ಕ್‌ಶಾಪ್‌ನಲ್ಲಿ, ಕೈಯಲ್ಲೇ. ಮೋಲ್ಡ್ ಒಳಗೆ ಗಾಜಿನ ನೂಲಿನ ಮ್ಯಾಟ್ ಹಾಸಿ, ರೆಸಿನ್ ಅನ್ನೋ ಅಂಟು ಹಚ್ಚಿ, ಮತ್ತೆ ಹಾಸಿ. ಅದಕ್ಕೇ ಜಾಸ್ತಿ ಕಾರ್ ಮಾಡಕ್ಕಾಗ್ತಿರ್ಲಿಲ್ಲ. ಆಮೇಲೆ ಬ್ಯಾನ್ ತೆಗೆದ್ರು, ಫಾರಿನ್ ಕಾರ್ ಬಂದ್ಬಿಡ್ತು, ವರ್ಕ್‌ಶಾಪ್ ಕ್ಲೋಸ್."

(ಊಟದ ಟೇಬಲ್ಲಿನಲ್ಲಿ ಫೋನ್ ನೋಡುತ್ತಲೇ ಎಲ್ಲ ಕೇಳಿಸಿಕೊಂಡಿದ್ದಳಲ್ಲ, ಕಳ್ಳಿ.)

ಹೊರಗಿನದು ಸಿಗುವುದಿಲ್ಲ ಎಂದಾಗ ಗೊಣಗುತ್ತ ಕೂರದೆ, ಇದ್ದ ಎಂಜಿನ್ನಿಗೆ ತಮ್ಮದೇ ಚೆಂದದ ಮೈ ಕಟ್ಟಿದವರು ಅವರು. ಮುಚ್ಚಿಹೋದ ವರ್ಕ್‌ಶಾಪಿನ ಕಾರು ಇಂದಿಗೂ ಪರ್ತ್‌ನ ರಸ್ತೆಯಲ್ಲಿ ಓಡುತ್ತಿದೆ. ಅದೇನು ಸಣ್ಣ ಮಾತೆ? ಆದರೆ ನಿಜ ಹೇಳಿಬಿಡುತ್ತೇನೆ, ಅಂದು ನನ್ನ ಎದೆ ಉಬ್ಬಿದ್ದು ಬ್ರೆಜಿಲ್‌ಗಾಗಿ ಅಲ್ಲ.

"ಹಾಗಾದ್ರೆ ಇವನನ್ನ ಎಲ್ಲಮ್ಮ ಕೂರಿಸೋದು?" ಎಂದರು ಅಂಕಲ್, ಸೋತವರಂತೆ.

ಅನು ಹಿಂದೆ ಹೋಗಿ ಎಂಜಿನ್ ಮುಚ್ಚಳ ತೆಗೆದಳು. ಒಳಗಿನ ಕಬ್ಬಿಣದ ತಗಡಿನ ಮೇಲಿಟ್ಟ ತಕ್ಷಣ ಗಣೇಶ ಟಕ್ಕೆಂದು ಕೂತ. ಅಂಕಲ್ ಅಲ್ಲೇ ಕುಂಕುಮ ಹಚ್ಚಿ ಆರತಿ ಎತ್ತಿದರು. ಗಿರೀಶ ಕನ್ನಡಕ ತೆಗೆದು ಒರೆಸುತ್ತ ನಿಂತಿದ್ದ.

ಸೋಮವಾರ ಬೆಳಿಗ್ಗೆ ಸರ್ವೋ ಹತ್ತಿರ ಬಂದಾಗ ಅವನು ಅಭ್ಯಾಸಬಲದಿಂದ ಕಾರು ನಿಧಾನ ಮಾಡಿದನಂತೆ. "ಇಲ್ಲಿ ಬೇಡ ಅಪ್ಪ, ಗೇಟ್ ಹತ್ರ ನಿಲ್ಸು" ಅಂದಳಂತೆ.

ಅಪಶಕುನ ಎಂದು ಪಿಸುಗುಟ್ಟಿದವರು ಯಾರೇ ಆಗಿರಲಿ, ಒಮ್ಮೆ ಮನೆಗೆ ಕಾಫಿಗೆ ಬನ್ನಿ.